ತಳ್ಳಿಹಾಕುವಂತಿಲ್ಲ ಎನ್ನುತ್ತಿದ್ದ ಹೈಡಿ

ಹೈಡಿ ನೊವಿಕಿಯನ್ನು ಐಸ್‌ಕ್ರೀಮಿನಂಥ ಕಸ್ಟರ್ಡ್ ತಿನ್ನಲು ಕರೆದುಕೊಂಡು ಹೋಗುವುದೆಂದರೆ ಅವಳ ಮನೆಯವರಿಗೆ ಒಂದು ಶಿಕ್ಷೆಯೇ ಆಗಿತ್ತು. ಮಿಲ್ವಾಕಿಯ ದಕ್ಷಿಣ ಭಾಗದಲ್ಲಿ ಬೇಸಿಗೆಯ ಸಂಜೆ ಕಸ್ಟರ್ಡ್ ಅಂಗಡಿ ಮುಂದೆ ಅರ್ಧ ಊರೇ ಸಾಲು ನಿಂತಿರುತ್ತದೆ. ಎಲ್ಲರೂ ಕಿಟಕಿ ಹತ್ತಿರ ಹೋಗಿ, ಬೇಕಾದ್ದು ಕೇಳಿ, ತಣ್ಣಗಿನ ಕಪ್ಪು ಹಿಡಿದು ಆಚೆ ಸರಿಯುತ್ತಾರೆ. ನಮ್ಮ ಹೈಡಿ ಮಾತ್ರ ಹಲಗೆಯ ಮೇಲಿನ ಹೆಸರುಗಳನ್ನು ಮೇಲಿಂದ ಕೆಳಕ್ಕೆ ಓದಿ, ಮತ್ತೆ ಕೆಳಗಿಂದ ಮೇಲಕ್ಕೆ ಓದಿ, ಪಕ್ಕದವರ ಕಪ್ಪಿನೊಳಗೆ ಇಣುಕಿ, ಮೀನಮೇಷ ಎಣಿಸುತ್ತಾ ನಿಂತುಬಿಡುವಳು. ಹಿಂದಿನವರು ಗೊಣಗುತ್ತಿದ್ದರು. ಅವಳಪ್ಪ ರೇ ನೊವಿಕಿ, "ಈ ಹುಡುಗಿ ಮದುವೆಗೆ ಗಂಡು ನೋಡೋ ಹೊತ್ತಿಗೆ ನಾನು ಗೋರಿ ಸೇರಿರ್ತೀನಿ" ಅಂತ ಸಾಲಿನವರಿಗೆಲ್ಲ ಕೇಳುವ ಹಾಗೆ ಹೇಳಿ ನಗಿಸುತ್ತಿದ್ದ.

ಅಪ್ಪ ಅಮ್ಮ ನಡೆಸುತ್ತಿದ್ದುದು ಒಂದು ಹಳೆಯ ಬೌಲಿಂಗ್ ಮನೆ. ಮುಂದೆ ಬಿಯರು, ಹಿಂದೆ ಚೆಂಡು ಉರುಳಿಸಲು ಮರದ ಹಾಸು. ಅಲ್ಲೂ ಇವಳದು ಅದೇ ರಗಳೆ. ಚೆಂಡನ್ನು ಗಲ್ಲದ ಹತ್ತಿರ ಹಿಡಿದು ನಿಂತಳೆಂದರೆ ಪಕ್ಕದ ಹಾಸಿನವರು ಒಂದು ಆಟ ಮುಗಿಸಿ ಇನ್ನೊಂದು ಲೋಟ ತರಿಸಿಕೊಳ್ಳಬಹುದಿತ್ತು. ಬಿಟ್ಟಾಗ ಮಾತ್ರ ಚೆಂಡು ನೆಟ್ಟಗೆ ಹೋಗುತ್ತಿತ್ತು, ಆ ಮಾತು ಬೇರೆ.

ಇಂಥ ಹುಡುಗಿ ಬೆಳೆದು ಯಾವ ಕೆಲಸಕ್ಕೆ ಸೇರಿದಳು ಅಂತೀರಿ? ಇಡೀ ಆಸ್ಪತ್ರೆ ಒಬ್ಬರ ಬಾಯಿಂದ ಬರುವ ಒಂದೇ ಒಂದು ಮಾತಿಗೆ ಕಾದು ನಿಲ್ಲುವ ಕೆಲಸಕ್ಕೆ! ಸರ್ಜನ್‌ಗಳು ದೇಹದಿಂದ ತೆಗೆದದ್ದೆಲ್ಲ, ಸಾಸಿವೆಯಷ್ಟು ಚೂರಿನಿಂದ ಹಿಡಿದು ಕುಂಬಳಕಾಯಿಯಷ್ಟು ಗೆಡ್ಡೆಯವರೆಗೆ, ಪೆಥಾಲಜಿ ವಿಭಾಗಕ್ಕೆ ಬರುತ್ತದೆ. ಅಲ್ಲಿನ ಡಾಕ್ಟರುಗಳು ಅದನ್ನು ಕತ್ತರಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಇದು ಇಂಥದ್ದು ಎಂದು ಹೇಳಬೇಕು. ಅವರು ಹೇಳಿದ ಮೇಲೇ ಮುಂದಿನದು. ರೋಗಿಯ ಮುಖ ಅವರು ನೋಡುವುದಿಲ್ಲ, ರೋಗಿಗೆ ಅವರ ಹೆಸರು ಗೊತ್ತಿರುವುದಿಲ್ಲ. ಹೈಡಿ ಮೆಡಿಕಲ್ ಓದಿ, ಪೆಥಾಲಜಿಯಲ್ಲಿ ವರ್ಷಗಟ್ಟಲೆ ತರಬೇತಿ ಮುಗಿಸಿ, ಅದರ ಮೇಲೆ ಒಂದು ವರ್ಷದ ಫೆಲೋಶಿಪ್ಪಿಗೆ ತನ್ನೂರಿನದೇ ದೊಡ್ಡ ಬೋಧನಾ ಆಸ್ಪತ್ರೆಗೆ ಸೇರಿದ್ದಳು. ಫೆಲೋ ಅಂದರೆ ಅತ್ತ ವಿದ್ಯಾರ್ಥಿಯೂ ಅಲ್ಲ, ಇತ್ತ ಯಜಮಾನನೂ ಅಲ್ಲ. ಬೈಸಿಕೊಳ್ಳುವಾಗ ವಿದ್ಯಾರ್ಥಿ, ಕೆಲಸ ಹೊರುವಾಗ ಯಜಮಾನ.

ಹೈಡಿಯ ಕಣ್ಣು ಅಂದರೆ ಕಣ್ಣು. ಸ್ಲೈಡಿನ ಮೂಲೆಯಲ್ಲಿ ಯಾರೂ ಗಮನಿಸದ ಒಂದು ಜೀವಕೋಶ ಕೆಟ್ಟ ಮುಖ ಮಾಡಿಕೊಂಡು ಕೂತಿದ್ದರೆ ಅದು ಮೊದಲು ಅವಳಿಗೇ ಕಾಣುತ್ತಿತ್ತು. ಅದನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ. ಇದ್ದ ತಾಪತ್ರಯವೆಲ್ಲ ಬಾಯಿಯದು. ಕಂಡದ್ದನ್ನು ಹೇಳು ಎಂದರೆ ಅಡ್ಡಗೋಡೆಯ ಮೇಲೆ ದೀಪ ಇಡುವಳು. "ಇದು ಕೆಟ್ಟದ್ದಲ್ಲ ಅನಿಸುತ್ತದೆ, ಆದರೆ ಕ್ಯಾನ್ಸರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ." "ಇದು ಕ್ಯಾನ್ಸರ್ ಇದ್ದಂತಿದೆ, ಆದರೆ ಬರೀ ಉರಿಯೂತವನ್ನೂ ತಳ್ಳಿಹಾಕುವಂತಿಲ್ಲ." ವರದಿ ಓದಿದ ಸರ್ಜನ್‌ಗಳು ತಲೆ ಚಚ್ಚಿಕೊಳ್ಳುತ್ತಿದ್ದರು. ಅವಳ ಜೊತೆಯ ಫೆಲೋ ಡೆಲ್‌ರಾಯ್ ಪಿಕೆಟ್, ಅಲಬಾಮಾ ಕಡೆಯ ತರಲೆ ಮನುಷ್ಯ, ಅವಳಿಗೆ ಡಾಕ್ಟರ್ ತಳ್ಳಿಹಾಕುವಂತಿಲ್ಲ ಎಂದೇ ನಾಮಕರಣ ಮಾಡಿದ್ದ. ಕ್ಯಾಂಟೀನಿನಲ್ಲಿ ಸೂಪು ಬಿಸಿ ಇದೆಯಾ ಎಂದು ಅವಳನ್ನು ಕೇಳಿ, ಉತ್ತರ ಬರುವ ಮುಂಚೆ ತಾನೇ ಅವಳ ದನಿಯಲ್ಲಿ ಹೇಳುತ್ತಿದ್ದ: "ಬಿಸಿ ಇದ್ದಂತಿದೆ, ಆದರೆ ತಣ್ಣಗಿರೋದನ್ನ ತಳ್ಳಿಹಾಕುವಂತಿಲ್ಲ." ಅವಳೂ ನಗುತ್ತಿದ್ದಳು. ನಕ್ಕು ಮತ್ತೆ ಅದೇ ಬರೆಯುತ್ತಿದ್ದಳು.

ಆ ವಿಭಾಗದಲ್ಲಿ ಒಂದು ಪದ್ಧತಿ ಇತ್ತು. ಸಂಶಯದ ಸ್ಲೈಡುಗಳನ್ನು ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ನೋಡುತ್ತಿದ್ದರು. ಒಂದೇ ಮೈಕ್ರೋಸ್ಕೋಪಿಗೆ ಸುತ್ತಲೂ ಹಲವು ಜೋಡಿ ಕಣ್ಣುಗಾಜು. ಯಾರು ಖಡಾಖಂಡಿತವಾಗಿ ಒಂದು ಹೇಳಿ ಅದು ಸುಳ್ಳಾಯಿತೋ, ಅವರು ಮಾರನೇ ದಿನ ಎಲ್ಲರಿಗೂ ಕ್ರಿಂಗಲ್ ತರಬೇಕು. ಕ್ರಿಂಗಲ್ ಅಂದರೆ ಪದರ ಪದರವಾಗಿ ಲಟ್ಟಿಸಿ, ಪೀಕನ್ ಬೀಜ ತುಂಬಿ, ದೊಡ್ಡ ಬಳೆಯಾಕಾರಕ್ಕೆ ಸುತ್ತಿ ಬೇಯಿಸಿದ ಸಿಹಿ. ನಮ್ಮ ವಿಸ್ಕಾನ್ಸಿನ್ ರಾಜ್ಯದವರಿಗೆ ಅದಿಲ್ಲದೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಡೆಲ್‌ರಾಯ್ ತಂದೂ ತಂದೂ ಬೇಕರಿಯವಳಿಗೆ ನೆಂಟನಂತಾಗಿದ್ದ. ದೊಡ್ಡ ದೊಡ್ಡ ಪ್ರೊಫೆಸರುಗಳೂ ತಂದಿದ್ದರು. ಹೈಡಿ ಮಾತ್ರ ಒಂದು ಸಲವೂ ತಂದಿರಲಿಲ್ಲ. ಅದೊಂದು ಹೆಮ್ಮೆ ಅಂತ ಅವಳು ಒಳಗೊಳಗೇ ಅಂದುಕೊಂಡಿದ್ದಳು, ಪಾಪ.

ಆ ಹೆಮ್ಮೆಯ ಗಾಳಿ ತೆಗೆದವರು ಡಾಕ್ಟರ್ ಆರ್ವಿಡ್ ಸೋರೆನ್ಸನ್. ಫೆಲೋಗಳನ್ನು ತಿದ್ದುವ ಜವಾಬ್ದಾರಿ ಅವರದು. ಆರಡಿಗೂ ಮೀರಿದ ಆಳು, ಬಿಳಿ ಹುಬ್ಬು, ಚಳಿಗಾಲದಲ್ಲೂ ತೋಳು ಮಡಚಿದ ಅಂಗಿ. ಅವರ ಕಣ್ಣಿಗೆ ಬಿದ್ದ ಕ್ಯಾನ್ಸರ್ ತಪ್ಪಿಸಿಕೊಂಡದ್ದಿಲ್ಲ ಎಂದು ಊರೆಲ್ಲ ಹೆಸರು. ಜನವರಿಯಲ್ಲಿ ಅವಳನ್ನು ಕೋಣೆಗೆ ಕರೆಸಿ ಕೂರಿಸಿ, ಮುಲಾಜಿಲ್ಲದೆ ಹೇಳಿದರು.

"ನೊವಿಕಿ, ನೀನು ಒಂದು ಸಲಾನೂ ಕ್ರಿಂಗಲ್ ತಂದಿಲ್ಲ."

"ಹೌದು, ಡಾಕ್ಟರ್ ಸೋರೆನ್ಸನ್," ಎಂದಳು ಹೈಡಿ, ಸ್ವಲ್ಪ ಬೀಗಿಯೇ.

"ತಪ್ಪೇ ಮಾಡಿಲ್ಲ ಅಂತಲ್ಲ ಅದರರ್ಥ. ಏನನ್ನೂ ಹೇಳೇ ಇಲ್ಲ ಅಂತ. ಜುಲೈಗೆ ಇಲ್ಲೊಂದು ಜಾಗ ಖಾಲಿ ಆಗುತ್ತೆ, ಅದು ನಿನಗೇ ಕೊಡಬೇಕು ಅಂತ ನನ್ನಾಸೆ. ಆದ್ರೆ ಹೊಟ್ಟೆ ಕೊಯ್ದು ನಿಂತಿರೋ ಸರ್ಜನ್‌ಗೆ ತಳ್ಳಿಹಾಕುವಂತಿಲ್ಲ ಅಂತ ಹೇಳೋರನ್ನ ನಾನು ಆ ಕುರ್ಚೀಲಿ ಕೂರಿಸೋಕಾಗಲ್ಲ ಕಣಮ್ಮ."

ಹೈಡಿ ಹೊರಗೆ ಬಂದವಳು ಮೆಟ್ಟಿಲ ಮೇಲೆ ಕೂತು ಅತ್ತಳು. ತನ್ನೂರು, ತನ್ನ ಆಸ್ಪತ್ರೆ, ಸಂಜೆ ಅಪ್ಪನ ಅಂಗಡಿಗೆ ಹೋಗಿ ಒಂದು ಲೋಟ ಕುಡಿದು ಬರುವಷ್ಟು ಹತ್ತಿರದ ಕೆಲಸ. ಅದು ಬೇಕಿತ್ತು ಅವಳಿಗೆ. ಆದರೆ ನಿಜ ಹೇಳಬೇಕೆಂದರೆ ಕೆಲಸ ಹೋಗುತ್ತದೆಂಬ ದುಃಖಕ್ಕಿಂತ ಇನ್ನೊಂದು ದುಃಖ ದೊಡ್ಡದಿತ್ತು. ಆ ಮನುಷ್ಯ ಹೇಳಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು.

ಮಾರ್ಚ್ ಬಂದರೆ ಫೆಲೋಗಳು ಬಿಸಿ ಕುರ್ಚಿಯಲ್ಲಿ ಕೂರಬೇಕು. ಆಪರೇಷನ್ ಕೋಣೆಗಳ ಪಕ್ಕದಲ್ಲೇ ಒಂದು ಇಕ್ಕಟ್ಟಾದ ಲ್ಯಾಬು. ಆಪರೇಷನ್ ನಡೆಯುತ್ತಿರುವಾಗಲೇ ಸರ್ಜನ್ ಒಂದು ಚೂರು ಕಳಿಸಿ, ಇದೇನು, ಈಗಲೇ ಹೇಳಿ ಎಂದು ಕೇಳುತ್ತಾರೆ. ಮೇಣದಲ್ಲಿ ಹುದುಗಿಸಿ ನಿಧಾನವಾಗಿ ನೋಡಲು ಪುರುಸೊತ್ತಿಲ್ಲ. ಚೂರನ್ನು ಹೆಪ್ಪುಗಟ್ಟಿಸಿ, ಕೊರೆಯುವ ಚಳಿಯ ಪೆಟ್ಟಿಗೆಯೊಳಗಿನ ಬ್ಲೇಡಿನಲ್ಲಿ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಿ, ಬಣ್ಣದ ಜಾಡಿಗಳಲ್ಲಿ ಅದ್ದಿ, ನೋಡಿ, ಫೋನಿನಲ್ಲಿ ಹೇಳಿಬಿಡಬೇಕು. ಇದಕ್ಕೆ ಅಲ್ಲಿ ಫ್ರೋಜನ್ ಎನ್ನುತ್ತಾರೆ. ರೋಗಿ ಅಷ್ಟೂ ಹೊತ್ತು ಮೇಜಿನ ಮೇಲೆ ಅರಿವಿಲ್ಲದೆ ಮಲಗಿರುತ್ತಾನೆ. ಸ್ಲೈಡನ್ನು ಸರಿಸುವ ತಿರುಪು ಫೆಲೋ ಕೈಯಲ್ಲಿ, ಎದುರಿನ ಕಣ್ಣುಗಾಜಿನಲ್ಲಿ ಸೋರೆನ್ಸನ್. ಫೆಲೋ ಉತ್ತರ ಹೇಳುವವರೆಗೆ ತಾನು ತುಟಿ ಪಿಟಿಕ್ಕೆನ್ನಬಾರದೆಂದು ಸೋರೆನ್ಸನ್ ತಮಗೆ ತಾವೇ ಹಾಕಿಕೊಂಡ ನಿಯಮ. ಫೆಲೋ ಹೇಳಿದ್ದು ತಪ್ಪಾದರೆ ಆಗ ಬಾಯಿ ಬಿಡುತ್ತಿದ್ದರು, ಬಿಟ್ಟರೆ ಕೇಳುವವರ ಕಿವಿ ಬಿಸಿಯಾಗುತ್ತಿತ್ತು.

ಆ ಗುರುವಾರ ಬೆಳಿಗ್ಗೆ ಹೊರಗೆ ಹಿಮ ಹುಯ್ಯುತ್ತಿತ್ತು. ಮಾರ್ಚ್ ಅರ್ಧ ಕಳೆದರೂ ನಮ್ಮೂರಿನ ಹಿಮಕ್ಕೆ ನಾಚಿಕೆ ಇರುವುದಿಲ್ಲ. ಮೊದಲು ಬಂದದ್ದು ಒಬ್ಬ ಹೆಂಗಸಿನ ಅಂಡಾಶಯದ ಗೆಡ್ಡೆ. ಅದೇ ಹೊತ್ತಿಗೆ ಮೆಡಿಕಲ್ ಹುಡುಗರ ಒಂದು ಗುಂಪು ಲ್ಯಾಬು ನೋಡಲು ಬಂದಿತ್ತು. ಹುಡುಗರನ್ನು ಕಂಡರೆ ಸೋರೆನ್ಸನ್‌ಗೆ ಎಲ್ಲಿಲ್ಲದ ಹುರುಪು. "ಸರಿ, ನೊವಿಕಿ, ಇದನ್ನ ನಾನು ಕತ್ತರಿಸ್ತೀನಿ, ಇವರೂ ನೋಡ್ಲಿ" ಎಂದು ಕೈಗವಸು ಹಾಕಿ, ತಾವು ಫೆಲೋ ಆಗಿದ್ದ ಕಾಲದ ಕಥೆ ಹೇಳುತ್ತಾ ಚಕಚಕ ಕತ್ತರಿಸಿದರು. ಸ್ಲೈಡು ಕನ್ನಡಿಯಂತೆ ಬಂತು. ಗೆಡ್ಡೆ ಕ್ಯಾನ್ಸರೇ, ಜೀವಕೋಶಗಳ ಗೊಂಚಲಿನ ನಡುವೆ ಸುತ್ತು ಸುತ್ತಾಗಿ ಪದರುಗಟ್ಟಿದ ಸುಣ್ಣದ ಕಾಳುಗಳು, ಅಡ್ಡ ಕೊಯ್ದ ಈರುಳ್ಳಿಯ ಹಾಗೆ. ಆ ಬಗೆಯ ಗೆಡ್ಡೆಯ ಗುರುತೇ ಅದು. ಹುಡುಗರು ಬೆರಗಾದರು, ಸೋರೆನ್ಸನ್ ಉಬ್ಬಿದರು, ಎಲ್ಲರೂ ಮಾತಾಡುತ್ತಾ ಕಾಫಿಗೆ ಹೋದರು. ಕತ್ತರಿಸಿದವರು ಬ್ಲೇಡು, ಬ್ರಷ್ಷು ಎರಡನ್ನೂ ಒರೆಸಿಯೇ ಏಳಬೇಕು ಎನ್ನುವುದು ಆ ಲ್ಯಾಬಿನಲ್ಲಿ ಉಸಿರಾಟದಷ್ಟು ಹಳೆಯ ರೂಢಿ. ಆ ಹೊತ್ತಿನಲ್ಲಿ ಅದು ಯಾರಿಗೂ ನೆನಪಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಗೋಡೆಯ ಫೋನು ಕೂಗಿತು. ಡಾಕ್ಟರ್ ರೆನಾಟಾ ವೊಸ್‌ಬರ್ಗ್. ಲಿವರು, ಪಿತ್ತನಾಳದ ಆಪರೇಷನ್‌ಗಳಲ್ಲಿ ಎತ್ತಿದ ಕೈ, ಮಾತಿನಲ್ಲಿ ಮಾತ್ರ ಜಿಪುಣಿ. ಅವರು ಹೇಳಿದ್ದಿಷ್ಟು. ಲೆಸ್ಟರ್ ಶ್ಮಿಟ್‌ಕೆ ಎಂಬ ಅರವತ್ತರ ಆಸುಪಾಸಿನ ಗಂಡಸು, ಕಾಮಾಲೆಯಾಗಿ ಬಂದಿದ್ದಾನೆ. ಪಿತ್ತನಾಳ ಕರುಳಿಗೆ ಸೇರುವ ಬಾಯಲ್ಲಿ ಕ್ಯಾನ್ಸರಿನ ಸಣ್ಣ ಗಂಟು. ಬೇಗ ಸಿಕ್ಕಿದೆ, ಬುಡಸಮೇತ ತೆಗೆದರೆ ಬದುಕುತ್ತಾನೆ. ಹೊಟ್ಟೆ ತೆರೆದು ನೋಡಿದರೆ ಲಿವರಿನ ಮೇಲೆ ಬೇರೆಯೇ ಒಂದು ಬಿಳಿ ಗಂಟು, ಬಟಾಣಿಗಿಂತ ಚಿಕ್ಕದು. ಅದು ಕ್ಯಾನ್ಸರಿನ ಮರಿಯಾಗಿದ್ದರೆ ರೋಗ ಆಗಲೇ ಹರಡಿದೆ ಅಂತ ಅರ್ಥ, ದೊಡ್ಡ ಆಪರೇಷನ್ ಮಾಡಿ ಪ್ರಯೋಜನವಿಲ್ಲ, ಹೊಟ್ಟೆ ಹೊಲಿದು ಕಳಿಸುತ್ತೇನೆ. ಅಲ್ಲದಿದ್ದರೆ ಮುಂದುವರಿಸುತ್ತೇನೆ. ಚೂರು ಕಳಿಸಿದ್ದೇನೆ.

ಇಂಥದ್ದು ತನ್ನ ಪಾಲಿಗೆ ಬರದಿರಲಿ ಎಂದು ಹೈಡಿ ತಿಂಗಳಿಂದ ಬೇಡಿಕೊಂಡಿದ್ದಳು. ಅಷ್ಟರಲ್ಲಿ ಸೋರೆನ್ಸನ್ ಕಾಫಿ ಮುಗಿಸಿ ಬಂದು ಎದುರಿನ ಸ್ಟೂಲಿನ ಮೇಲೆ ಕೂತರು. ಹೈಡಿ ಚೂರನ್ನು ಹೆಪ್ಪುಗಟ್ಟಿಸಿದಳು, ಸೀಳಿದಳು, ಬಣ್ಣ ಹಾಕಿದಳು, ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು.

ಗಂಟು ಪುಟ್ಟ ಪುಟ್ಟ ನಾಳಗಳ ಒಂದು ಗುಂಪು. ಹುಟ್ಟಿನಿಂದಲೋ ಯಾವಾಗಿನಿಂದಲೋ ಸುಮ್ಮನೆ ಕೂತಿರುವ, ಯಾರಿಗೂ ಕೇಡು ಮಾಡದ ನಾಳಗಳು ಹೀಗೆಯೇ ಇರುತ್ತವೆ. ಆದರೆ ಕಾಮಾಲೆಯಿಂದ ಲಿವರೆಲ್ಲ ಕೆರಳಿದ್ದರಿಂದ ಇವುಗಳ ಮುಖವೂ ಸ್ವಲ್ಪ ಕೆಟ್ಟಿತ್ತು. ಹೌದು ಎಂದರೆ ಹೌದು, ಅಲ್ಲ ಎಂದರೆ ಅಲ್ಲ ಎನ್ನುವ ಹಾಗಿತ್ತು. ಹೈಡಿ ಸ್ಲೈಡನ್ನು ಸರಿಸುತ್ತಾ ಅಂಚಿಗೆ ಹೋದಳು. ಅಲ್ಲಿತ್ತು. ಒಂದು ಸಣ್ಣ ಗೊಂಚಲು. ಅದರಲ್ಲಿ ಹೌದೋ ಅಲ್ಲವೋ ಎನ್ನುವ ಮಾತೇ ಇರಲಿಲ್ಲ. ಕಪ್ಪಗೆ, ಅಡ್ಡಾದಿಡ್ಡಿ, ಅಪ್ಪಟ ಕ್ಯಾನ್ಸರ್.

ಎದುರಿನಿಂದ ಸೋರೆನ್ಸನ್ ದೀರ್ಘವಾಗಿ ಉಸಿರು ಬಿಟ್ಟರು. ಎಷ್ಟೋ ವರ್ಷದ ನಿಯಮ ಮರೆತು ಬಾಯಿ ಬಿಟ್ಟೇಬಿಟ್ಟರು. "ಅಲ್ಲಿದೆ ನೋಡು. ಪಾಪ, ಮನುಷ್ಯನ ಕಥೆ ಮುಗೀತು."

ಅದೇ ಹೊತ್ತಿಗೆ ಫೋನಿನ ಸ್ಪೀಕರಿನಲ್ಲಿ ವೊಸ್‌ಬರ್ಗ್ ಅವರ ದನಿ. "ಲ್ಯಾಬಿನೋರೇ, ನಾನಿಲ್ಲಿ ಹೊಟ್ಟೆ ತೆರೆದಿಟ್ಕೊಂಡು ನಿಂತಿದ್ದೀನಿ. ಮುಚ್ಲಾ, ಮುಂದುವರಿಸ್ಲಾ?"

ನೀವೇ ಹೇಳಿ, ಹೈಡಿಗೆ ಅದಕ್ಕಿಂತ ಸುಲಭದ ಗಳಿಗೆ ಇನ್ನೊಂದು ಸಿಗುತ್ತಿತ್ತೇ? ಊರಿಗೆಲ್ಲ ದೊಡ್ಡ ಕಣ್ಣು ಎನಿಸಿಕೊಂಡವರು ಎದುರಿಗೇ ಕೂತು ಕ್ಯಾನ್ಸರ್ ಎಂದಿದ್ದಾರೆ. ಅವಳು ಹೂಂ ಎಂದರೆ ಸಾಕಿತ್ತು. ಆದರೆ ಅವಳ ಬೆರಳು ಸುಮ್ಮನಿರಲಿಲ್ಲ. ಮೀನಮೇಷ ಎಣಿಸುವ ಬೆರಳಲ್ಲವೇ, ತಿರುಪನ್ನು ಒಂದು ಕೂದಲಿನಷ್ಟು ಆಚೆ, ಒಂದು ಕೂದಲಿನಷ್ಟು ಈಚೆ ತಿರುಗಿಸುತ್ತಲೇ ಇತ್ತು. ನಾಳಗಳು ಸ್ಪಷ್ಟವಾದಾಗ ಗೊಂಚಲು ಮಸುಕಾಗುತ್ತಿತ್ತು. ಗೊಂಚಲು ಸ್ಪಷ್ಟವಾದಾಗ ನಾಳಗಳು ಮಸುಕಾಗುತ್ತಿದ್ದವು. ಒಂದೇ ಚೂರಿನವು ಆಗಿದ್ದರೆ ಎರಡೂ ಒಟ್ಟಿಗೆ ಕಾಣಬೇಕಿತ್ತು. ಈ ಗೊಂಚಲು ಲಿವರಿನೊಳಗೆ ಇಲ್ಲ, ಲಿವರಿನ ಮೇಲೆ ಬಂದು ಕೂತಿದೆ. ಅವಳು ಇನ್ನೂ ದೊಡ್ಡದು ಮಾಡಿ ನೋಡಿದಳು. ಗೊಂಚಲಿನ ನಡುವೆ ಒಂದು ಸುಣ್ಣದ ಕಾಳು. ಸುತ್ತು ಸುತ್ತಾಗಿ, ಪದರು ಪದರಾಗಿ.

ಹೈಡಿ ತಲೆಯೆತ್ತಿ ಸೋರೆನ್ಸನ್ ಮುಖವನ್ನೇ ನೋಡಿದಳು. "ಡಾಕ್ಟರ್, ಲೆಸ್ಟರ್ ಶ್ಮಿಟ್‌ಕೆಗೆ ಅಂಡಾಶಯ ಇರೋದಕ್ಕೆ ಸಾಧ್ಯ ಇಲ್ಲ."

ಸೋರೆನ್ಸನ್ ಒಂದು ಗಳಿಗೆ ಪಿಳಿಪಿಳಿ ನೋಡಿದರು. ಮತ್ತೆ ಕಣ್ಣುಗಾಜಿಗೆ ಬಗ್ಗಿದರು. ಆಮೇಲೆ ನಿಧಾನವಾಗಿ ಚಳಿಪೆಟ್ಟಿಗೆಯ ಕಡೆ ತಿರುಗಿದರು. ಬೆಳಗಿನಿಂದ ಕೆಂಪಗಿದ್ದ ಆ ಮುಖ ಸುಣ್ಣದಂತೆ ಬೆಳ್ಳಗಾಯಿತು. ಅವರ ಕೈಯಲ್ಲೇ ಕತ್ತರಿಸಿದ ಗೆಡ್ಡೆಯ ಕಣ, ಅವರು ಒರೆಸದೆ ಬಿಟ್ಟ ಬ್ಲೇಡಿನಿಂದಲೋ ಬ್ರಷ್ಷಿನಿಂದಲೋ ಹಾರಿ ಈ ಬಡಪಾಯಿಯ ಲಿವರಿನ ಮೇಲೆ ಕೂತಿತ್ತು. ಈ ಕೆಲಸದವರು ಇಂಥ ಕಣವನ್ನು ಫ್ಲೋಟರ್ ಎನ್ನುತ್ತಾರೆ, ಎಲ್ಲಿಂದಲೋ ತೇಲಿ ಬಂದದ್ದು ಅಂತ. ಪಾಠ ಹೇಳಿಕೊಡುವಾಗ ಮೊದಲ ವಾರವೇ ಎಲ್ಲರಿಗೂ ಎಚ್ಚರಿಸುವ ತಪ್ಪು ಅದು. ಎಚ್ಚರಿಸುತ್ತಿದ್ದವರೂ ಅವರೇ.

ಹೈಡಿ ಫೋನಿನ ಕಡೆಗೆ ಬಾಗಿದಳು. "ಡಾಕ್ಟರ್ ವೊಸ್‌ಬರ್ಗ್, ಮುಚ್ಚಬೇಡಿ. ಸ್ಲೈಡಿನ ಮೇಲೆ ಬೇರೆಯವರ ಚೂರು ಬಿದ್ದಿದೆ. ಇನ್ನೊಂದ್ಸಲ ಕತ್ತರಿಸ್ತೀನಿ."

"ಬೇಗ," ಎಂದರು ವೊಸ್‌ಬರ್ಗ್.

ಬ್ಲೇಡು ಬದಲಾಯಿತು, ಬ್ರಷ್ಷು ಬದಲಾಯಿತು, ಬಣ್ಣದ ಜಾಡಿಗಳನ್ನೂ ಚೆಲ್ಲಿ ಹೊಸದು ತುಂಬಿದರು. ಅದನ್ನು ಮಾಡಿದವರು ಸೋರೆನ್ಸನ್. ದೊಡ್ಡ ಮನುಷ್ಯ ಪಾತ್ರೆ ತೊಳೆಯುವವರ ಹಾಗೆ ಸಿಂಕಿನ ಮುಂದೆ ನಿಂತು ಜಾಡಿ ತೊಳೆಯುತ್ತಿದ್ದರು. ಕೂರುವ ಮುಂಚೆ ಬ್ಲೇಡನ್ನು ತಾನೂ ಒಮ್ಮೆ ನೋಡಬೇಕಿತ್ತು ಎಂದು ಹೈಡಿಗೆ ಹೊಳೆಯಿತು. ಆದರೆ ಹಲುಬಲು ಪುರುಸೊತ್ತಿರಲಿಲ್ಲ. ಹೊಸ ಸ್ಲೈಡು ಬಂತು. ಗೊಂಚಲು ಇಲ್ಲ. ಅಂಚು ಸ್ವಚ್ಛ. ಉಳಿದದ್ದು ಆ ನಾಳಗಳು ಮಾತ್ರ.

ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಕಷ್ಟ ಶುರುವಾದದ್ದೇ ಇಲ್ಲಿಂದ. ತೇಲಿ ಬಂದದ್ದನ್ನು ಕಳಿಸಿಯಾಯಿತು, ಮನೆಯಲ್ಲಿದ್ದ ನಾಳಗಳು ಒಳ್ಳೆಯವೋ ಕೆಟ್ಟವೋ ಎಂದು ಯಾರು ಹೇಳಬೇಕು? ಹೈಡಿ ಅವುಗಳ ಗಡಿ ನೋಡಿದಳು. ದುಂಡಗಿತ್ತು, ಎಲ್ಲೂ ಪಕ್ಕಕ್ಕೆ ನುಗ್ಗಿರಲಿಲ್ಲ. ಒಂದೊಂದು ನಾಳದ ಸುತ್ತ ಹೋದಳು. ಕೋಶಗಳು ಊದಿಕೊಂಡಿದ್ದವು, ಆದರೆ ಒಂದರ ಹಾಗೆ ಇನ್ನೊಂದಿತ್ತು. ಅವುಗಳಲ್ಲಿ ಒಡೆದು ಎರಡಾಗುತ್ತಿದ್ದದ್ದು ಒಂದೂ ಇರಲಿಲ್ಲ. ಕಣ್ಣು ಹೇಳುತ್ತಿತ್ತು, ಕೆಟ್ಟದ್ದಲ್ಲ, ಕೆಟ್ಟದ್ದಲ್ಲ. ಬಾಯಲ್ಲಿ ಹಳೆಯ ಮಾತು ಆಗಲೇ ಸಜ್ಜಾಗಿ ನಿಂತಿತ್ತು: ಕ್ಯಾನ್ಸರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಮೇಣದ ಸ್ಲೈಡು ಬರುವವರೆಗೆ ಕಾಯಿರಿ. ಹಾಗೆಂದರೆ ಯಾರೂ ಅವಳನ್ನು ದೂರುವಂತಿರಲಿಲ್ಲ. ಆದರೆ ಮೇಣದ ಸ್ಲೈಡು ಬರುವುದು ನಾಳೆ. ಲೆಸ್ಟರ್ ಶ್ಮಿಟ್‌ಕೆ ಹೊಟ್ಟೆ ತೆರೆದು ಮಲಗಿರುವುದು ಈಗ. ಅಷ್ಟು ಸಂಶಯದ ಮೇಲೆ ಯಾವ ಸರ್ಜನ್ನೂ ಅಷ್ಟು ದೊಡ್ಡ ಆಪರೇಷನ್‌ಗೆ ಕೈ ಹಾಕುವುದಿಲ್ಲ, ಹೊಲಿದು ಕಳಿಸುತ್ತಾರೆ. ತಾನು ಏನೂ ಹೇಳದೆ ಇದ್ದರೂ ಒಂದು ಹೇಳಿದ ಹಾಗೆಯೇ ಎಂದು ಹೈಡಿಗೆ ಆ ಕುರ್ಚಿಯಲ್ಲಿ ಕೂತಾಗ ಮೊದಲ ಬಾರಿಗೆ ನೆತ್ತಿಗೆ ಹೊಡೆದಂತೆ ಅರ್ಥವಾಯಿತು.

ಅವಳು ಸೋರೆನ್ಸನ್ ಕಡೆ ನೋಡಿದಳು. ಅವರು ಕಣ್ಣುಗಾಜಿನಿಂದ ಮುಖ ಎತ್ತಲಿಲ್ಲ. ಈ ಸಲ ನಿಯಮ ಮುರಿಯಲಿಲ್ಲ.

"ಡಾಕ್ಟರ್ ವೊಸ್‌ಬರ್ಗ್," ಎಂದಳು ಹೈಡಿ. ದನಿ ತನ್ನದಲ್ಲವೇನೋ ಎಂಬಂತೆ ಕೇಳಿಸಿತು. "ಹೈಡಿ ನೊವಿಕಿ ಮಾತಾಡ್ತಿರೋದು. ಇದು ಕ್ಯಾನ್ಸರ್ ಅಲ್ಲ. ಪಿತ್ತನಾಳಗಳ ಸಾಧಾರಣ ಗಂಟು. ಮುಂದುವರಿಸಿ."

ಸ್ಪೀಕರಿನಲ್ಲಿ ಯಂತ್ರಗಳ ಬೀಪು ಮಾತ್ರ ಕೇಳುತ್ತಿತ್ತು. ವೊಸ್‌ಬರ್ಗ್ ಏನನ್ನೋ ಕಾಯುತ್ತಿದ್ದ ಹಾಗಿತ್ತು.

"ಇನ್ನೂ ಏನೋ ಹೇಳೋದಿದೆಯಲ್ಲ ನೀನು. ‘ಆದರೆ’ ಅಂತ."

"ಇಲ್ಲ," ಎಂದಳು ಹೈಡಿ. "‘ಆದರೆ’ ಇಲ್ಲ."

ಸೋರೆನ್ಸನ್ ಆಗ ಬಾಯಿ ಬಿಟ್ಟರು. "ರೆನಾಟಾ, ಕೇಳಿಸ್ತಲ್ಲ? ಅವಳು ಹೇಳಿದ್ದೇ ನನ್ನ ಮಾತು." ಫೋನು ಕಟ್ಟಾಯಿತು. ಹೈಡಿ ಕುರ್ಚಿಯಿಂದ ಏಳದೆ ಅದೇ ಸ್ಲೈಡನ್ನು ಮತ್ತೆ ಮೇಲಿಂದ ಕೆಳಕ್ಕೆ ನೋಡತೊಡಗಿದಳು. ಡೆಲ್‌ರಾಯ್ ಬಂದು ವಿಷಯ ಕೇಳಿದವನು, ಆ ದಿನದ ಮಟ್ಟಿಗೆ ತರಲೆ ಬಿಟ್ಟು ಅವಳ ಮಿಕ್ಕ ಸ್ಲೈಡುಗಳನ್ನೆಲ್ಲ ತಾನೇ ನೋಡಿ ಮುಗಿಸಿದ.

ಶುಕ್ರವಾರ ಮೇಣದ ಸ್ಲೈಡು ಬರುವವರೆಗೆ ಹೈಡಿಗೆ ಅನ್ನ ನೀರು ಸೇರಲಿಲ್ಲ ಎಂದರೂ ನಡೆದೀತು. ಅಮ್ಮ ಲೊರೇನ್ ಫೋನು ಮಾಡಿ, ಸಂಜೆ ಮೀನು ತಿನ್ನಲು ಬರುತ್ತೀಯಾ ಎಂದು ಕೇಳಿದರೆ, ನಾನು ಒಬ್ಬ ಮನುಷ್ಯನನ್ನು ಕೊಂದಿದ್ದೇನೋ ಉಳಿಸಿದ್ದೇನೋ ತಿಳಿದ ಮೇಲೆ ಹೇಳುತ್ತೇನೆ ಎಂದುಬಿಟ್ಟಳು. ಲೊರೇನ್, ಹಾಗಾದರೆ ಎರಡಕ್ಕೂ ಆಗುವಂತೆ ಒಂದು ತಟ್ಟೆ ಎತ್ತಿಟ್ಟಿರುತ್ತೇನೆ ಎಂದಳು. ಬಾರು ನಡೆಸುವವರು ಯಾವುದಕ್ಕೂ ಗಾಬರಿ ಬೀಳುವುದಿಲ್ಲ.

ಮಧ್ಯಾಹ್ನ ಇಡೀ ವಿಭಾಗ ಮೈಕ್ರೋಸ್ಕೋಪಿನ ಸುತ್ತ ಕೂತಿತು. ತಿರುಪು ಹೈಡಿಯ ಕೈಯಲ್ಲಿ. ಮೇಣದ ಸ್ಲೈಡಿನಲ್ಲಿ ಎಲ್ಲ ನಿಚ್ಚಳ. ನಾಳಗಳು ಸಾಧುವಾಗಿ, ಸಾಲಾಗಿ, ಯಾರ ತಂಟೆಗೂ ಹೋಗದೆ ಕೂತಿದ್ದವು. ಒಬ್ಬೊಬ್ಬರಾಗಿ ಎಲ್ಲರೂ ಕೆಟ್ಟದ್ದಲ್ಲ ಎಂದರು. ಹೈಡಿಗೆ ಉಸಿರು ಬಂತು. ಆಗ ಸೋರೆನ್ಸನ್ ಎದ್ದು ಹೊರಗೆ ಹೋಗಿ, ಮೂರು ದೊಡ್ಡ ಡಬ್ಬಿ ಕ್ರಿಂಗಲ್ ತಂದು ಮೇಜಿನ ಮೇಲಿಟ್ಟರು. ನಿನ್ನೆ ಬ್ಲೇಡು ಒರೆಸದವನು ನಾನು, ಬಾಯಿ ಬಿಡಬಾರದ ಹೊತ್ತಲ್ಲಿ ಬಿಟ್ಟವನೂ ನಾನು, ನೊವಿಕಿ ಇಲ್ಲದಿದ್ದರೆ ಒಬ್ಬನನ್ನು ಸುಮ್ಮನೆ ಹೊಲಿಸಿ ಮನೆಗೆ ಕಳಿಸುತ್ತಿದ್ದೆ ಎಂದು ಎಲ್ಲರೆದುರು ಹೇಳಿದರು. ನಿಂತೇ ಹೇಳಿದರು. ಆಮೇಲೆ ಡೆಲ್‌ರಾಯ್, ಮೂರು ಡಬ್ಬಿ ಸಾಕಾಗುತ್ತದೋ ಇಲ್ಲವೋ ಎಂದು ಅನುಮಾನ ವ್ಯಕ್ತಪಡಿಸಿ ಡಬ್ಬಿ ಬಿಚ್ಚಿದ. ಜುಲೈನ ಜಾಗದ ಬಗ್ಗೆ ಸೋರೆನ್ಸನ್ ಆ ದಿನ ಏನೂ ಹೇಳಲಿಲ್ಲ. ಮುಂದಿನ ವಾರ ಹೇಳಿದರು. ಹೈಡಿ ಯೋಚನೆಗೆ ಸಮಯ ಕೇಳದೆ ಒಪ್ಪಿಕೊಂಡಳು.

ಅದೇ ವಾರ ವೊಸ್‌ಬರ್ಗ್ ಫೋನು ಮಾಡಿದರು. ಶ್ಮಿಟ್‌ಕೆ ಎದ್ದು ಕೂತಿದ್ದಾನೆ, ಲ್ಯಾಬಿನ ಹುಡುಗಿಯನ್ನು ನೋಡಬೇಕಂತೆ, ನಾನು ಬಾಯಿ ತಪ್ಪಿ ನಿನ್ನ ಹೆಸರು ಹೇಳಿಬಿಟ್ಟೆ, ಬಂದು ಹೋಗು ಎಂದರು. ಪೆಥಾಲಜಿಯವರು ವಾರ್ಡಿಗೆ ಹೋಗುವುದು ಎಲ್ಲಿಯಾದರೂ ಉಂಟೇ? ಹೈಡಿಗೆ ಯಾವ ಲಿಫ್ಟ್ ಹತ್ತಬೇಕು ಎನ್ನುವುದೇ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ದುಡಿದ ಆಸ್ಪತ್ರೆಯಲ್ಲಿ ದಾರಿ ತಪ್ಪಿ ಹೆರಿಗೆ ವಾರ್ಡಿಗೆ ಹೋಗಿ, ಅಲ್ಲೊಬ್ಬ ನರ್ಸಿನ ನಗೆಗೆ ಗುರಿಯಾಗಿ, ಕೊನೆಗೂ ಸರಿಯಾದ ಬಾಗಿಲಿಗೆ ಬಂದಳು.

ಮೂಗಿನಲ್ಲೊಂದು ಕೊಳವೆ, ಪಕ್ಕದಲ್ಲೊಂದು ಕೊಳವೆ, ಅಷ್ಟರ ನಡುವೆಯೂ ಲೆಸ್ಟರ್ ಶ್ಮಿಟ್‌ಕೆ ಕಿಟಕಿಯಾಚೆಯ ರಸ್ತೆಯಲ್ಲಿ ಹಿಮ ತೆಗೆಯುತ್ತಿದ್ದ ನಗರಸಭೆಯ ಲಾರಿಯವನಿಗೆ ಬೈಯುತ್ತಿದ್ದ. ಅವನೂ ಅದೇ ಲಾರಿ ಓಡಿಸುವವನು, ಮೂವತ್ತು ಚಳಿಗಾಲ ಕಂಡವನು. ಅವನ ಹೆಂಡತಿ ಜಾನಿಸ್ ಪಕ್ಕದಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದಳು. ಹೈಡಿ ಹೆಸರು ಹೇಳಿದಳು.

"ಓ, ನೀನೇನಾ ತಾಯಿ ನನ್ನ ಲಿವರ್ ನೋಡಿದ್ದು? ಎಷ್ಟು ನೋಡ್ದೆ?"

"ಬಟಾಣಿ ಕಾಳಿಗಿಂತ ಸ್ವಲ್ಪ ಕಮ್ಮಿ."

"ಹೆಂಗಿತ್ತು?"

"ಚೆನ್ನಾಗಿತ್ತು," ಎಂದಳು ಹೈಡಿ.

"ಇವರಲ್ಲಿ ಚೆನ್ನಾಗಿರೋದು ಅಷ್ಟೇಯ," ಎಂದಳು ಜಾನಿಸ್, ಸೂಜಿಯಿಂದ ಕಣ್ಣೆತ್ತದೆ.

ಲೆಸ್ಟರ್ ನಕ್ಕು, ಹೊಲಿಗೆ ಎಳೆದಂತಾಗಿ, ನೋವಿಗೆ ಮುಖ ಕಿವುಚಿದ. ಆಮೇಲೆ ಅವಳನ್ನು ನೆಟ್ಟಗೆ ನೋಡಿ ಕೇಳಿದ. "ನಿಜ ಹೇಳು. ಖಾತ್ರಿ ಇತ್ತಾ ನಿನಗೆ?"

ಹೈಡಿ ಸುಮ್ಮನೆ ಹೌದು ಎನ್ನಬಹುದಿತ್ತು. "ಪೂರ್ತಿ ಇರ್ಲಿಲ್ಲ," ಎಂದಳು. "ಅವತ್ತು ಯಾರಿಗೂ ಪೂರ್ತಿ ಇರೋದಕ್ಕೆ ಆಗ್ತಿರ್ಲಿಲ್ಲ. ಆದ್ರೆ ನೀವು ಮಲಗಿದ್ರಿ, ಯಾರಾದ್ರೂ ಹೇಳ್ಲೇಬೇಕಿತ್ತು. ನನಗೆ ಕಂಡಿದ್ದು ನಾನು ಹೇಳ್ದೆ."

ಲೆಸ್ಟರ್ ಕಿಟಕಿಯ ಕಡೆ ಕೈ ತೋರಿಸಿದ. "ರಸ್ತೆ ಪೂರ್ತಿ ಕಾಣ್ಲಿ ಅಂತ ನಾನೂ ಕೂತಿದ್ರೆ ಈ ಊರು ಏಪ್ರಿಲ್ ತನಕ ಮನೇಲೇ ಇರ್ಬೇಕಿತ್ತು," ಎಂದ. ಕಾಲು ಸರಿಸಿ ಮಂಚದ ತುದಿಯಲ್ಲಿ ಅವಳಿಗೆ ಜಾಗ ಮಾಡಿದ. ಹೈಡಿ ಕೂತಳು.

ಜಾನಿಸ್ ಹೆಣಿಗೆ ಪಕ್ಕಕ್ಕಿಟ್ಟು ಹೈಡಿಯ ಕೈ ಹಿಡಿದುಕೊಂಡಳು.

"ಡಾಕ್ಟರ್ ವೊಸ್‌ಬರ್ಗ್ ಮೊದ್ಲೇ ಹೇಳಿದ್ರಮ್ಮ. ತಾವು ಬೇಗ ಹೊರಗೆ ಬಂದ್ರೆ ಏನೂ ಮಾಡೋಕಾಗಲಿಲ್ಲ ಅಂತ ತಿಳ್ಕೊಳ್ಳಿ, ತಡ ಆದಷ್ಟೂ ಒಳ್ಳೇದು ಅಂತ. ನಾನು ಆ ಬಾಗಿಲೇ ನೋಡ್ತಾ ಕೂತಿದ್ದೆ. ಯಾರಾದ್ರೂ ಬಾಗಿಲು ತಳ್ಳಿದ್ರೆ ಜೀವ ಬಾಯಿಗೆ ಬರ್ತಿತ್ತು. ಊಟದ ಹೊತ್ತಾಯ್ತು, ಅವರು ಬರ್ಲಿಲ್ಲ. ಕಾಫಿ ಹೊತ್ತಾಯ್ತು, ಬರ್ಲಿಲ್ಲ. ಕತ್ತಲಾಯ್ತು, ಆಗ್ಲೂ ಬರ್ಲಿಲ್ಲ. ಯಾರೂ ಬರ್ಲಿಲ್ಲ ಅಂತ ಅಷ್ಟು ಖುಷಿ ಪಟ್ಟಿದ್ದು ನನ್ನ ಜನ್ಮದಲ್ಲೇ ಇಲ್ಲ."

ಆ ಸಂಜೆಯನ್ನು ಈ ಹೆಂಗಸಿಗೆ ಕೊಟ್ಟದ್ದು ತಾನು ಎನ್ನುವುದು ಹೈಡಿಗೆ ಆಗಷ್ಟೇ ತಿಳಿಯಿತು. ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಳ್ಳೋಣವೆಂದರೆ ಕೈ ಜಾನಿಸ್ ಹತ್ತಿರ ಇತ್ತು. ಕೆಳಗೆ ಲ್ಯಾಬಿನಲ್ಲಿ ಸ್ಲೈಡುಗಳು ಕಾಯುತ್ತಿದ್ದವು. ಅವಳು ಕೈ ಬಿಡಿಸಿಕೊಳ್ಳದೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಳು.